ಇಸೆಟ್ಟಾ 300 ಪಕ್ಕದಲ್ಲಿ ಗಾಲ್ಫ್: ಜರ್ಮನಿಯಲ್ಲಿ ಎರಡನ್ನೂ ಓಡಿಸುವ ನನ್ನ ಅನುಭವ

ಬಿಎಂಡಬ್ಲ್ಯು ಇಸೆಟ್ಟಾ 300 ಅನ್ನುವ ಹಳೇ ಪುಟ್ಟ ಕಾರಿನ ಉದ್ದ 2.29 ಮೀಟರ್, ತೂಕ ಸುಮಾರು 350 ಕಿಲೋ. ಬೈಕಿನಿಂದ ಬಂದ 298 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್, 13 ಪಿಎಸ್ (ಅಶ್ವಶಕ್ತಿ). ಏಳನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರು 4.25 ಮೀಟರ್, 999 ಸಿಸಿ ಟರ್ಬೊ ಎಂಜಿನ್, 110 ಪಿಎಸ್. ಓಟದಲ್ಲಿ ಹೋಲಿಸುವಂಥದ್ದೇನೂ ಇಲ್ಲ. ಹೊರಡುವ ಮೊದಲು ಎಷ್ಟು ನೋಡಿಕೊಳ್ಳಬೇಕು ಅನ್ನುವುದೇ ನನಗೆ ದೊಡ್ಡ ವ್ಯತ್ಯಾಸ.

ಮೊದಲು ಬ್ರೇಕ್. ಇಸೆಟ್ಟಾದ್ದು ಡ್ರಮ್, ಕಾಲಿನ ಒತ್ತಡ ಹೆಚ್ಚಿಸುವ ಬೂಸ್ಟರ್ ಇಲ್ಲ, ಬ್ರೇಕ್ ಆಯಿಲ್ ಹರಿಯುವ ಸರ್ಕ್ಯೂಟ್ (ಕೊಳವೆ ಜಾಲ) ಒಂದೇ. ಚಕ್ರದಲ್ಲಿ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಒಂದು ಸೋರಿದರೂ ಪೆಡಲ್ ನೆಲಕ್ಕೆ ಹೋಗುತ್ತದೆ. ಗಾಲ್ಫ್‌ನಲ್ಲಿ ಸರ್ಕ್ಯೂಟ್ ಎರಡಿರುವುದರಿಂದ ಅರ್ಧ ಬ್ರೇಕಾದರೂ ಉಳಿಯುತ್ತದೆ. ಹಾಗಾಗಿ ಇಸೆಟ್ಟಾದಲ್ಲಿ ಪ್ರತಿಸಲ ಪೆಡಲ್ ಒತ್ತಿ 30 ಸೆಕೆಂಡ್ ಹಿಡಿಯುತ್ತೇನೆ. ಮೆಲ್ಲಗೆ ಇಳಿಯುತ್ತಿದ್ದರೆ ಗಾಡಿ ಆಚೆ ತೆಗೆಯುವುದಿಲ್ಲ. ಚಕ್ರದ ಒಳಮೈಯಲ್ಲಿ ಒದ್ದೆ ಕಲೆ ಇದೆಯೇ ಅಂತ ಟಾರ್ಚ್ ಹಾಕಿ ನೋಡುತ್ತೇನೆ. ನಿಂತ ಗಾಡಿಯಲ್ಲೇ ಈ ಕಾಟ ಹೆಚ್ಚು: ಬ್ರೇಕ್ ಆಯಿಲ್ ತೇವ ಹೀರುತ್ತದೆ, ಸಿಲಿಂಡರ್ ಒಳಗೆ ತುಕ್ಕಿನ ಗುಳಿ ಬೀಳುತ್ತದೆ, ಅದು ಆಯಿಲ್ ಸೋರದಂತೆ ತಡೆಯುವ ರಬ್ಬರ್ ಕಪ್ ಅನ್ನು ಕೊರೆಯುತ್ತದೆ. ಓಡಿಸದಿದ್ದರೂ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಲೇಬೇಕು.

ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರ ತಿರುಗಿಸುವ ಚೈನ್ ಕೇಸ್‌ಗೆ ಹೋಗುವ ಶಾಫ್ಟಿನಲ್ಲಿ ಇವೆರಡನ್ನು ಜೋಡಿಸುವ ರಬ್ಬರ್ ಕಪ್ಲಿಂಗ್‌ಗಳಿವೆ. ಕ್ಲಚ್ ಬಿಡುವಾಗ 'ಧಡ್' ಅಂದರೆ ಚೈನ್ ಸಡಿಲ ಅಂತ ಕೇಸ್ ಬಿಚ್ಚಲು ಹೋಗಬೇಡಿ, ಮೊದಲು ಬೋಲ್ಟ್ ತೂತಿನ ಸುತ್ತ ರಬ್ಬರ್ ಬಿರಿದಿದೆಯೇ ನೋಡಿ. ಎಂಜಿನ್ ಆಯಿಲ್ ತೊಟ್ಟಿಕ್ಕಿದ್ದರೆ ರಬ್ಬರ್ ಉಬ್ಬಿ ಮೆತ್ತಗಾಗಿರುತ್ತದೆ. ಸೋರಿಕೆ ನಿಲ್ಲಿಸದೆ ಹೊಸದು ಹಾಕಿದರೆ ದುಡ್ಡು ದಂಡ.

ಇಸೆಟ್ಟಾದ ಗೇರ್ ಲಿವರ್ ಒಳಗಿನ ಎಡಗೋಡೆಯಲ್ಲಿದೆ. ಭಾರತದಲ್ಲಿ ಎಡಗೈಯಲ್ಲಿ ಗೇರ್ ಹಾಕಿ ಕಲಿತವರಿಗೆ ಗಾಲ್ಫ್‌ಗಿಂತ ಇದೇ ಸಲೀಸು!

ತೆರಿಗೆಯಲ್ಲೊಂದು ತಮಾಷೆ ಇದೆ. ಹಳೆ ಗಾಡಿಗಳ 'ಎಚ್' ನಂಬರ್ ಪ್ಲೇಟ್ ತೆಗೆದುಕೊಂಡರೆ ವರ್ಷಕ್ಕೆ 191 ಯೂರೊ. ಮಾಮೂಲಿ ಪ್ಲೇಟ್ ಆದರೆ 100 ಸಿಸಿಗೆ 25.36 ಯೂರೊದಂತೆ 298 ಸಿಸಿಗೆ ಅದರ ಮೂರು ಪಟ್ಟು, ಅಂದರೆ 76 ಯೂರೊ. ಆದರೆ ಹೊಗೆ ಹೆಚ್ಚು ಉಗುಳುವ ಗಾಡಿಗಳನ್ನು ತಡೆಯುವ, ನಗರಗಳ ಪರಿಸರ ವಲಯದೊಳಗೆ ಹೋಗಲು 'ಎಚ್' ಬೇಕು.

ಸೀಟ್ ಬೆಲ್ಟ್ ಇಲ್ಲದ ಕಾರಿನಲ್ಲಿ ಮೂರು ವರ್ಷದೊಳಗಿನ ಮಗುವನ್ನು ಕೂರಿಸುವಂತಿಲ್ಲ. ನನ್ನ ಇಸೆಟ್ಟಾದಲ್ಲಿ ಬೆಲ್ಟ್ ಇಲ್ಲ, ಮಗು ಇರುವ ದಿನ ಗಾಲ್ಫೇ ಗತಿ.

ಪಾರ್ಕಿಂಗ್‌ನಲ್ಲಿ ಇಸೆಟ್ಟಾದ ಮೂತಿ ಗೋಡೆಗೆ ತಾಗಿಸಬೇಡಿ. ಬಾಗಿಲು ಇರುವುದೇ ಅಲ್ಲಿ. ಆಮೇಲೆ ಮೇಲಿನ ಬಟ್ಟೆಯ ಚಾವಣಿ ಮಡಚಿ ಹತ್ತಿ ಇಳಿಯಬೇಕಾಗುತ್ತದೆ.