ಕಿತ್ತಳೆ ಸಿಪ್ಪೆ ಕುದಿಸಿ ಕೆಡಿಸಿದ ಮೇಲೆ ಕಲಿತದ್ದು

ಸಿಪ್ಪೆಯ ಎಣ್ಣೆ ತೆಗೆಯಲು ಮೊದಲ ಸಲ ನಾನು ಮಾಡಿದ್ದು ಇಷ್ಟೇ. ಅರ್ಧ ಕಿಲೋ ಕಿತ್ತಳೆ ಸಿಪ್ಪೆಯನ್ನು ಪಾತ್ರೆಗೆ ಹಾಕಿ, ನೀರು ಸುರಿದು, ಮುಚ್ಚಳವನ್ನೂ ಮುಚ್ಚದೆ ಎರಡು ಗಂಟೆ ಕುದಿಸಿದೆ. ಮನೆ ತುಂಬ ಘಮಘಮ. ಪಾತ್ರೆಯಲ್ಲಿ ಉಳಿದದ್ದು ಮಾತ್ರ ಕಹಿ ಕಹಿ ಕಂದು ಗಂಜಿ. ನನಗೆ ಬೇಕಾಗಿದ್ದ ಎಣ್ಣೆಯೇ ಆ ಘಮ ಆಗಿ ಕಿಟಕಿಯಿಂದ ಹೊರಟು ಹೋಗಿತ್ತು ಅಂತ ಹೊಳೆದದ್ದು ಪಾತ್ರೆ ತಿಕ್ಕುವಾಗ!

ಸಿಪ್ಪೆಯನ್ನು ಮಡಚಿ ಒಬ್ಬರ ಕಣ್ಣಿಗೊಬ್ಬರು ಹಿಂಡಿದವರಿಗೆಲ್ಲ ಈ ಎಣ್ಣೆ ಗೊತ್ತು. ಹೊರಗಿನ ಬಣ್ಣದ ಪದರದಲ್ಲಿ ಸಣ್ಣ ಸಣ್ಣ ಚುಕ್ಕೆ ಕಾಣುತ್ತವಲ್ಲ, ಅವೇ ಎಣ್ಣೆಯ ಚೀಲಗಳು. ಆ ಎಣ್ಣೆಯಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಲಿಮೊನೀನ್ ಅನ್ನುವ ರಾಸಾಯನಿಕ. ಒಳಗಿನ ಬಿಳಿ ಪದರದಲ್ಲಿರುವುದು ಬೇರೆಯೇ ಸರಕು: ಪೆಕ್ಟಿನ್, ಅಂದರೆ ಜಾಮ್ ಗಟ್ಟಿಯಾಗಲು ಬೇಕಾದ ಅಂಟು. ಒಣಗಿಸಿದ ಕಿತ್ತಳೆ ಜಾತಿಯ ಸಿಪ್ಪೆಯಲ್ಲಿ ಸುಮಾರು ಕಾಲು ಭಾಗ ಇದೇ ಇರುತ್ತದೆ. ಇವೆರಡನ್ನೂ ನಾನು ತೆಗೆಯುವುದು ಬಿಸಿಯಿಂದ, ಆದರೆ ಒಂದೇ ಥರದ ಬಿಸಿ ಅಲ್ಲ. ನಾನು ಎಡವಿದ್ದು ಅಲ್ಲೇ.

ಎರಡನೇ ಸಲ ದೊಡ್ಡ ಪಾತ್ರೆಯ ತಳಕ್ಕೆ ನೀರು ಹಾಕಿ, ಅದರ ಮೇಲೆ ಒಂದು ಜಾಲರಿ ಇಟ್ಟು, ಸಿಪ್ಪೆ ನೀರಿಗೆ ತಾಗದ ಹಾಗೆ ಹರಡಿದೆ. ನಡುವೆ ಒಂದು ಸ್ಟೀಲ್ ಬಟ್ಟಲು. ಮುಚ್ಚಳವನ್ನು ತಲೆಕೆಳಗಾಗಿ ಮುಚ್ಚಿ ಅದರ ಮೇಲೆ ಐಸ್ ಸುರಿದೆ. ಹಬೆ ಮೇಲೇರಿ ತಣ್ಣನೆಯ ಮುಚ್ಚಳಕ್ಕೆ ತಾಗಿ, ಹನಿಯಾಗಿ ಬಟ್ಟಲಿಗೆ ಬೀಳುತ್ತದೆ. ಲಿಮೊನೀನ್ ಕುದಿಯುವುದು 176 ಡಿಗ್ರಿಯಲ್ಲಿ. ಆದರೆ ನೀರಿನ ಜೊತೆ ಸೇರದ ಎಣ್ಣೆಯಾದ್ದರಿಂದ ಎರಡರ ಆವಿಯ ಒತ್ತಡ ಕೂಡಿಕೊಂಡು, 100 ಡಿಗ್ರಿಗೂ ಮೊದಲೇ ಹಬೆಯ ಜೊತೆ ಹೊರಟುಬಿಡುತ್ತದೆ. ಅದಕ್ಕೇ ಉರಿ ಸಣ್ಣದಿರಬೇಕು, ಐಸ್ ಕರಗಿದ ಹಾಗೆ ಬದಲಿಸುತ್ತಿರಬೇಕು.

ಒಂದೂವರೆ ಗಂಟೆಯ ನಂತರ ಒಲೆ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ತೆಗೆದೆ. ಈ ಎಣ್ಣೆಗೆ ಸುಲಭವಾಗಿ ಬೆಂಕಿ ಹಿಡಿಯುತ್ತದೆ, ಆದ್ದರಿಂದ ಉರಿಯ ಹತ್ತಿರ ಈ ಕೆಲಸ ಬೇಡವೇ ಬೇಡ. ಬಟ್ಟಲಿನ ನೀರಿನ ಮೇಲೆ ತೆಳುವಾಗಿ ತೇಲುತ್ತಿತ್ತು. ಡ್ರಾಪರ್‌ನಲ್ಲಿ ಎಳೆದು ನೋಡಿದರೆ ಅರ್ಧ ಚಮಚವೂ ಇಲ್ಲ. ಅಷ್ಟು ಸಿಪ್ಪೆಗೆ ಇಷ್ಟೇನಾ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಅದನ್ನೂ ಉಳಿಸಿಕೊಳ್ಳಲಿಲ್ಲ. ಕೈಗೆ ಸಿಕ್ಕಿದ ಥರ್ಮೋಕೋಲ್ ಲೋಟಕ್ಕೆ ಹಾಕಿಟ್ಟೆ. ತಿರುಗಿ ನೋಡುವಷ್ಟರಲ್ಲಿ ಲೋಟದ ತಳ ಕುಗ್ಗಿ, ಗುಳಿ ಬಿದ್ದು, ತೂತಾಗಿ ಎಣ್ಣೆ ಮೇಜಿಗೆ ಇಳಿದಿತ್ತು. ತೂತಿನ ಅಂಚು ಬೆರಳಿಗೆ ಜೇನಿನ ಹಾಗೆ ಅಂಟಿತು. ಥರ್ಮೋಕೋಲ್ ಅಂದರೆ ಪಾಲಿಸ್ಟೈರೀನ್, ಅದು ಲಿಮೊನೀನ್‌ನಲ್ಲಿ ಕರಗುತ್ತದೆ. ಸ್ಟಿಕ್ಕರ್ ಅಂಟು, ಜಿಡ್ಡು ತೆಗೆಯಲು ಇದು ಅಷ್ಟು ಚೆನ್ನಾಗಿ ಕೆಲಸ ಮಾಡುವುದೂ ಈ ಕರಗಿಸುವ ಗುಣದಿಂದಲೇ. ಈಗ ನಾನು ಗಾಢ ಬಣ್ಣದ ಗಾಜಿನ ಬಾಟಲಿ ಬಿಟ್ಟು ಬೇರೆ ಮುಟ್ಟುವುದಿಲ್ಲ. ಬಾಟಲಿ ತುಂಬ ತುಂಬಿಸಿ ಫ್ರಿಜ್‌ನಲ್ಲಿಡುತ್ತೇನೆ. ಗಾಳಿ ತಾಗಿ ಹಳೆಯದಾದ ಲಿಮೊನೀನ್ ಚರ್ಮಕ್ಕೆ ಅಲರ್ಜಿ ತರಬಲ್ಲದು. ಹಣ್ಣಿಗೆ ಸವರಿದ ಮೇಣ, ಔಷಧಿಯ ಅಂಶವೂ ಎಣ್ಣೆಯಲ್ಲಿ ಸೇರಿರಬಹುದು. ಹಾಗಾಗಿ ಇದನ್ನು ನಾನು ಬಾಯಿಗೆ ಹಾಕುವುದಿಲ್ಲ, ಒರೆಸಲು ಮಾತ್ರ ಬಳಸುತ್ತೇನೆ.

ಮಜಾ ಇರುವುದು ಉಳಿದ ಸಿಪ್ಪೆಯಲ್ಲಿ. ಹಸಿ ಸಿಪ್ಪೆಯನ್ನು ಸುಮ್ನೆ ಬಿಟ್ಟರೆ ಅದರಲ್ಲೇ ಇರುವ ಕಿಣ್ವಗಳು ಪೆಕ್ಟಿನ್ ಹಾಳು ಮಾಡುತ್ತವೆ. ಎಣ್ಣೆಗೆ ಅಂತ ಕೊಟ್ಟ ಹಬೆ ಆ ಕಿಣ್ವಗಳನ್ನೂ ಮುಗಿಸಿರುತ್ತದೆ. ಒಂದೇ ಒಲೆಯಲ್ಲಿ ಎರಡು ಕೆಲಸ ಆಯಿತಲ್ವಾ? ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಕಹಿ ಇಳಿಯಲು ಎರಡು ಸಲ ನೀರಲ್ಲಿ ತೊಳೆದು, ಮೂರು ಪಟ್ಟು ನೀರು ಹಾಕಿದೆ. ಹುಳಿ ಎಷ್ಟಿದೆ ಅಂತ ಅಳೆಯುವ ಪಿಎಚ್ ಪಟ್ಟಿ 2ರಿಂದ 3ರ ನಡುವೆ ತೋರಿಸುವ ತನಕ ಸಿಟ್ರಿಕ್ ಆಸಿಡ್ ಬೆರೆಸಿದೆ. ಆಮೇಲೆ 85 ಡಿಗ್ರಿಯ ಆಸುಪಾಸಿನಲ್ಲಿ ಒಂದು ಗಂಟೆ. ಕುದಿ ಬರಬಾರದು. ಹೆಚ್ಚು ಹೊತ್ತು ಜೋರಾಗಿ ಕುದಿಸಿದರೆ ಪೆಕ್ಟಿನ್‌ನ ಉದ್ದನೆಯ ಸರಪಳಿ ತುಂಡಾಗುತ್ತದೆ, ತುಂಡಾದದ್ದು ಹೆಪ್ಪುಗಟ್ಟುವುದಿಲ್ಲ. ಬಟ್ಟೆಯಲ್ಲಿ ಸೋಸುವಾಗ ಹಿಂಡುವ ಆಸೆ ಆಗುತ್ತದೆ. ಹಿಂಡಬೇಡಿ, ಕದಡಿಹೋಗುತ್ತದೆ. ತಾನಾಗಿ ಇಳಿಯಲಿ.

ಪೆಕ್ಟಿನ್ ಬಂದಿದೆಯೋ ಇಲ್ಲವೋ ನೋಡಲು ಒಂದು ಚಮಚ ರಸಕ್ಕೆ ಎರಡು ಮೂರು ಚಮಚ ಸ್ಪಿರಿಟ್ ಹಾಕಿ ಒಂದು ನಿಮಿಷ ಬಿಟ್ಟೆ. ತಿಳಿಯಾಗಿದ್ದ ರಸದೊಳಗೆ ಮೋಡ ಕವಿದ ಹಾಗಾಗಿ, ಕೊನೆಗೆ ಎಲ್ಲ ಸೇರಿ ಒಂದೇ ಲೋಳೆ ಮುದ್ದೆ. ಫೋರ್ಕ್‌ನಲ್ಲಿ ಎತ್ತಿದರೆ ಇಡಿಯಾಗಿ ಮೇಲೆ ಬಂತು. ಚೂರು ಚೂರಾಗಿ ತೇಲಿದ್ದರೆ ಪೆಕ್ಟಿನ್ ಕಡಿಮೆ ಅಂತ ಅರ್ಥ. ಪರೀಕ್ಷೆಗೆ ಬಳಸಿದ್ದನ್ನು ಚೆಲ್ಲಿಬಿಡಿ, ಆ ಸ್ಪಿರಿಟ್ ಹೊಟ್ಟೆಗೆ ವಿಷ. ಉಳಿದ ರಸ ಪೆಕ್ಟಿನ್ ಕಡಿಮೆ ಇರುವ ಹಣ್ಣಿನ ಜಾಮ್‌ಗೆ ಹೋಯಿತು. ಸಕ್ಕರೆ ಮಾತ್ರ ಕಡಿಮೆ ಮಾಡಲು ಹೋಗಬೇಡಿ. ಈ ಜಾತಿಯ ಪೆಕ್ಟಿನ್‌ಗೆ ಒಟ್ಟು ತೂಕದ ಅರ್ಧಕ್ಕಿಂತ ಜಾಸ್ತಿ ಸಕ್ಕರೆ, ಜೊತೆಗೆ ಒಳ್ಳೆ ಹುಳಿ ಇಲ್ಲದಿದ್ದರೆ ಅದು ಕೂರುವುದೇ ಇಲ್ಲ.

ಇದೇ ಗುಂಗಿನಲ್ಲಿ ಬೇರೆ ಸಿಪ್ಪೆಗಳನ್ನೂ ಹಿಡಿದೆ. ಅನಾನಸ್ ಸಿಪ್ಪೆಯಲ್ಲಿ ಬ್ರೊಮೆಲಿನ್ ಅನ್ನುವ ಕಿಣ್ವ ಇದೆ, ಪ್ರೋಟೀನ್ ಕತ್ತರಿಸುವುದೇ ಅದರ ಕೆಲಸ. ಹಸಿ ಸಿಪ್ಪೆಯ ರಸ ಬೆರೆಸಿದ ಜೆಲಾಟಿನ್ ಫ್ರಿಜ್‌ನಲ್ಲಿ ರಾತ್ರಿಯಿಡೀ ನೀರಾಗಿಯೇ ಉಳಿಯಿತು. ಕುದಿಸಿದ ರಸ ಬೆರೆಸಿದ್ದು ಗಟ್ಟಿಯಾಯಿತು. ಬಿಸಿ ತಾಗಿದರೆ ಆ ಕಿಣ್ವದ ಕಥೆ ಮುಗಿಯಿತು.

ಬಿಸಿಗೆ ಹೆದರದೆ ಕುದಿಸಬಹುದಾದದ್ದು ದಾಳಿಂಬೆ ಸಿಪ್ಪೆ. ಅದರ ತುಂಬ ಟ್ಯಾನಿನ್, ಹಾಗಾಗಿಯೇ ನಾಲಿಗೆಗೆ ಅಷ್ಟು ಒಗರು. ಕುದಿಸಿದ ನೀರಿನಲ್ಲಿ ಹಳೆಯ ಹತ್ತಿ ಬಟ್ಟೆ ಅದ್ದಿದರೆ ಮಾಸಲು ಹಳದಿ ಬಂತು. ತುಕ್ಕು ಹಿಡಿದ ಮೊಳೆಗಳನ್ನು ಒಂದು ವಾರ ವಿನೆಗರ್‌ನಲ್ಲಿ ನೆನೆಹಾಕಿದ್ದೆ. ಆ ನೀರನ್ನು ಬಟ್ಟೆಯ ಒಂದು ತುದಿಗೆ ಹನಿಸಿದೆ. ಹನಿ ಬಿದ್ದಲ್ಲೆಲ್ಲ ಮೊಳೆಯ ಕಬ್ಬಿಣ ಟ್ಯಾನಿನ್ ಜೊತೆ ಸೇರಿ ಕಣ್ಣೆದುರೇ ಕಪ್ಪಾಯಿತು. ನನ್ನ ಅಂಗಿಯ ತೋಳಿನ ಮೇಲೂ ಎರಡು ಹನಿ ಬಿದ್ದಿತ್ತು. ಎಷ್ಟು ಒಗೆದರೂ ಆ ಕಲೆ ಹೋಗಿಲ್ಲ.