ಪಿಸಿಒಡಿಗೆ ಕೊಟ್ಟ ಮಾತ್ರೆಯನ್ನು ಸರಿಯಾಗಿ ತೆಗೆದುಕೊಳ್ಳುವುದು ಹೇಗೆ?

ಮಂಡ್ಯದ ಔಷಧ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್ ಆಗಿರುವ ನನಗೆ ಹಾರ್ಮೋನುಗಳ ಏರುಪೇರಿನಿಂದ ಮುಟ್ಟು ಹದ ತಪ್ಪುವ ಪಿಸಿಒಡಿ ಎಂಬ ಅಂಡಾಶಯದ ತೊಂದರೆಯ ಚಿಕಿತ್ಸೆ ಎಲ್ಲಿ ದಾರಿ ತಪ್ಪುತ್ತದೆ ಎಂಬುದು ಕೌಂಟರಿನಲ್ಲಿಯೇ ಕಾಣುತ್ತದೆ. ತಿಂಗಳಿಗೆಂದು ಬರೆದುಕೊಟ್ಟ ಮೆಟ್‌ಫಾರ್ಮಿನ್‌ನಲ್ಲಿ ನಾಲ್ಕೈದು ಮಾತ್ರೆ ನುಂಗಿ, ಮಿಕ್ಕಿದ್ದನ್ನು ಕೈಚೀಲದಿಂದ ತೆಗೆದು, ‘ಅಕ್ಕ, ಇದು ನಂಗೆ ಆಗ್ತಿಲ್ಲ, ವಾಪಸ್ ತಗೋತೀರಾ?’ ಎಂದು ಕೇಳುವ ಹೆಣ್ಣುಮಕ್ಕಳು ಬರುತ್ತಲೇ ಇರುತ್ತಾರೆ. ಕಾಯಿಲೆಯೂ ಸರಿಯಾಗಿ ಪತ್ತೆಯಾಗಿರುತ್ತದೆ, ಮಾತ್ರೆಯೂ ಸರಿಯಾಗಿರುತ್ತದೆ. ಅದನ್ನು ಶುರು ಮಾಡುವ ಕ್ರಮವನ್ನು ಮಾತ್ರ ಯಾರೂ ಬಿಡಿಸಿ ಹೇಳಿರುವುದಿಲ್ಲ. ಹೊರರೋಗಿ ವಿಭಾಗದ ಸಾಲಿನಲ್ಲಿ ವೈದ್ಯರಿಗೆ ಅಷ್ಟು ಸಮಯ ಸಿಗುವುದೂ ಕಷ್ಟ. ಆ ಕೊರತೆಯನ್ನು ತುಂಬಲು ಈ ಲೇಖನ.

ಮೊದಲ ಹಂತ: ಕಾಯಿಲೆ ಖಚಿತವಾಗಲಿ

ಸ್ಕ್ಯಾನಿಂಗ್ ವರದಿಯಲ್ಲಿ ‘ಅಂಡಾಶಯದಲ್ಲಿ ನೀರುಗುಳ್ಳೆ’ ಎಂದು ಬಂದ ಮಾತ್ರಕ್ಕೆ ಪಿಸಿಒಡಿ ಎಂದು ತೀರ್ಮಾನಿಸಿ ಮಾತ್ರೆ ಕೊಳ್ಳಲು ಬರಬೇಡಿ. ಜಗತ್ತಿನಾದ್ಯಂತ ವೈದ್ಯರು 2003ರ ರಾಟರ್‌ಡ್ಯಾಮ್ ಮಾನದಂಡವನ್ನು ಅನುಸರಿಸುತ್ತಾರೆ. ಮುಟ್ಟು ಏರುಪೇರಾಗಿರುವುದು, ಗಂಡು ಹಾರ್ಮೋನು ಹೆಚ್ಚಿರುವ ಲಕ್ಷಣ, ಸ್ಕ್ಯಾನಿಂಗ್‌ನಲ್ಲಿ ಕಾಣುವ ಬದಲಾವಣೆ ಈ ಮೂರರಲ್ಲಿ ಎರಡಾದರೂ ಇರಬೇಕು, ಥೈರಾಯಿಡ್ ಮತ್ತು ಪ್ರೊಲ್ಯಾಕ್ಟಿನ್ (ಎದೆಹಾಲು ತರಿಸುವ ಹಾರ್ಮೋನು) ತೊಂದರೆ ಇಲ್ಲವೆಂಬುದು ರಕ್ತಪರೀಕ್ಷೆಯಿಂದ ಗೊತ್ತಾಗಿರಬೇಕು. ಮೈನೆರೆದು ಎಂಟು ವರ್ಷ ತುಂಬದ ಹುಡುಗಿಯರಲ್ಲಿ ಸ್ಕ್ಯಾನಿಂಗ್ ಆಧರಿಸಿ ಪಿಸಿಒಡಿ ಎನ್ನುವುದೇ ಸರಿಯಲ್ಲ, ಏಕೆಂದರೆ ಆ ವಯಸ್ಸಿನಲ್ಲಿ ಅಂತಹ ಅಂಡಾಶಯ ಸಹಜವಾಗಿಯೂ ಇರುತ್ತದೆ. ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಾಗಲಿ, ಮಂಡ್ಯದ ಮಿಮ್ಸ್‌ನಲ್ಲಾಗಲಿ ಸ್ತ್ರೀರೋಗ ವಿಭಾಗಕ್ಕೆ ಹೋದಾಗ ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಯಾವುದು ಎಂದು ಮೊದಲೇ ಹೇಳಿಬಿಡಿ. ಮುಟ್ಟು ಬಾರದಿರುವುದಕ್ಕೆ ಒಂದು ಔಷಧ, ಗಲ್ಲದ ಮೇಲಿನ ಕೂದಲಿಗೆ ಇನ್ನೊಂದು, ಮಗು ಬೇಕೆನ್ನುವವರಿಗೆ ಮತ್ತೊಂದು. ಅಕ್ಕಪಕ್ಕದ ಮನೆಯವರಿಗೆ ಕೊಟ್ಟ ಚೀಟಿ ನಿಮಗೆ ಹೊಂದದಿರುವುದು ಇದೇ ಕಾರಣಕ್ಕೆ. ರಕ್ತದೊತ್ತಡ, ತೂಕ, ಸಕ್ಕರೆ ಅಂಶ, ಕೊಲೆಸ್ಟ್ರಾಲ್ ಇವಿಷ್ಟನ್ನು ಮಾತ್ರೆ ಶುರುವಾಗುವ ಮೊದಲೇ ಬರೆಸಿಟ್ಟುಕೊಳ್ಳಿ.

ಎರಡನೆಯ ಹಂತ: ಮೆಟ್‌ಫಾರ್ಮಿನ್ ಶುರು ಮಾಡುವುದು

ಹೆಚ್ಚಿನವರು ಎಡವುವುದು ಇಲ್ಲಿಯೇ ಆದ್ದರಿಂದ ಈ ಹಂತವನ್ನು ನಿಧಾನವಾಗಿ ಓದಿ. ಪಿಸಿಒಡಿ ಇರುವ ಬಹಳಷ್ಟು ಹೆಂಗಸರಲ್ಲಿ ಇನ್ಸುಲಿನ್ ತನ್ನ ಕೆಲಸವನ್ನು ಸರಿಯಾಗಿ ಮಾಡುವುದಿಲ್ಲ. ದೇಹ ಅದನ್ನು ಹೆಚ್ಚು ಹೆಚ್ಚು ತಯಾರಿಸುತ್ತದೆ. ಹೆಚ್ಚಿದ ಇನ್ಸುಲಿನ್ ಅಂಡಾಶಯದಲ್ಲಿ ಗಂಡು ಹಾರ್ಮೋನನ್ನು ಹೆಚ್ಚಿಸಿ, ಅಂಡ ಬಲಿತು ಹೊರಬರುವುದನ್ನು ತಡೆಯುತ್ತದೆ. ಮೆಟ್‌ಫಾರ್ಮಿನ್ ಈ ಸರಪಳಿಯನ್ನು ಬುಡದಲ್ಲಿ ಸಡಿಲಿಸುತ್ತದೆ. ಇದು ಮೂಲತಃ ಮಧುಮೇಹದ ಔಷಧವಾದ್ದರಿಂದ ‘ಈ ವಯಸ್ಸಿಗೇ ಶುಗರ್ ಮಾತ್ರೆಯಾ?’ ಎಂದು ಮನೆಯವರು ಗಾಬರಿಪಡುತ್ತಾರೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಂಡಾಗ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಕುಸಿಯುವುದು ತೀರಾ ಅಪರೂಪ, ಮಾತ್ರೆ ತೆಗೆದುಕೊಂಡದ್ದರಿಂದ ಮಧುಮೇಹ ಬರುವುದೂ ಇಲ್ಲ.

ಶುರುವಿನಲ್ಲಿ ದಿನಕ್ಕೆ 500 ಮಿಲಿಗ್ರಾಂನ ಒಂದೇ ಮಾತ್ರೆ ಸಾಕು, ಅದೂ ರಾತ್ರಿಯ ಊಟದ ಜೊತೆಗೆ. ಹೊಟ್ಟೆ ಒಗ್ಗಿಕೊಂಡ ಮೇಲೆ, ಒಂದರಿಂದ ಎರಡು ವಾರಕ್ಕೊಮ್ಮೆ 500 ಮಿಲಿಗ್ರಾಂನಂತೆ ವೈದ್ಯರು ಹೇಳಿದ ಪ್ರಮಾಣಕ್ಕೆ ಏರಿಸುತ್ತಾ ಹೋಗಬೇಕು. ಚೀಟಿಯಲ್ಲಿ ‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಎಂದಿದ್ದರೆ, ಹಂತಹಂತವಾಗಿ ಏರಿಸಬಹುದೇ ಎಂದು ವೈದ್ಯರನ್ನು ಕೇಳಿಕೊಂಡೇ ಹೊರಬನ್ನಿ. ಮೊದಲ ದಿನವೇ ಪೂರ್ತಿ ಪ್ರಮಾಣ ನುಂಗಿದವರಿಗೆ ವಾಕರಿಕೆ, ಹೊಟ್ಟೆ ನುಲಿತ, ಭೇದಿ, ಬಾಯಲ್ಲಿ ಲೋಹದಂಥ ರುಚಿ ಎಲ್ಲವೂ ಒಟ್ಟಿಗೆ ಬರುವ ಸಂಭವ ಹೆಚ್ಚು. ನಿಧಾನವಾಗಿ ಏರಿಸಿದವರಿಗೂ ಸ್ವಲ್ಪ ತೊಂದರೆಯಾಗಬಹುದು, ಆದರೆ ಹೆಚ್ಚಿನವರಲ್ಲಿ ಅದು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ.

‘ಊಟದ ಜೊತೆಗೆ’ ಎಂದರೆ ಊಟಕ್ಕೆ ಮೊದಲಲ್ಲ, ಊಟವಾಗಿ ಗಂಟೆ ಕಳೆದ ಮೇಲೂ ಅಲ್ಲ. ಮುದ್ದೆ ಉಪ್ಸಾರಿನ ಊಟವಾದರೆ ಅರ್ಧ ಮುದ್ದೆ ಒಳಗೆ ಹೋದ ಮೇಲೆ ಮಾತ್ರೆ ನುಂಗಿ, ಉಳಿದರ್ಧವನ್ನು ಅದರ ಮೇಲೆ ತಿನ್ನಿ. ಮಂಡ್ಯದಿಂದ ಮೈಸೂರಿನ ಕಾಲೇಜಿಗೆ ಬೆಳಗಿನ ರೈಲು ಹಿಡಿಯುವ ಹುಡುಗಿಯರು ಒಂದು ಲೋಟ ಕಾಫಿಯ ಜೊತೆ ಮಾತ್ರೆ ನುಂಗಿ ಓಡುವುದನ್ನು ನಾನು ಬಲ್ಲೆ. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಹೊಟ್ಟೆ ತೊಳಸತೊಡಗುತ್ತದೆ, ಮರುದಿನದಿಂದ ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ. ಅಂಥವರು ಬೆಳಗಿನ ಮಾತ್ರೆಯನ್ನು ಮಧ್ಯಾಹ್ನದ ಬುತ್ತಿಯ ಜೊತೆಗೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ ಬದಲಾಯಿಸಿಕೊಳ್ಳಲಿ. ಸಂಕಷ್ಟಿ, ಏಕಾದಶಿಗಳಂದು ಒಪ್ಪೊತ್ತು ಇರುವವರು ಆ ಒಂದು ಊಟದ ಜೊತೆಗಷ್ಟೇ ತೆಗೆದುಕೊಳ್ಳಲಿ. ಒಂದು ಹೊತ್ತು ತಪ್ಪಿತೆಂದು ಮುಂದಿನ ಹೊತ್ತಿಗೆ ಎರಡು ನುಂಗುವುದು ಬೇಡವೇ ಬೇಡ.

ಇಷ್ಟಾದರೂ ಹೊಟ್ಟೆ ತಡೆಯದಿದ್ದರೆ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗೆ ಬದಲಾಯಿಸಿಕೊಡುವಂತೆ ಕೇಳಿ. ಸ್ಟ್ರಿಪ್ಪಿನ ಮೇಲೆ ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್ ಅಥವಾ ಇಆರ್ ಎಂದಿರುತ್ತದೆ. ನನ್ನನ್ನು ಕೇಳಿದರೆ ಹೊಸದಾಗಿ ಶುರು ಮಾಡುವವರಿಗೆ ಇದೇ ವಾಸಿ. ಇದನ್ನು ಮುರಿಯಬಾರದು, ಅಗಿಯಬಾರದು, ನೀರಿನಲ್ಲಿ ಕರಗಿಸಬಾರದು. ಮುರಿದರೆ ದಿನವಿಡೀ ಸ್ವಲ್ಪಸ್ವಲ್ಪವಾಗಿ ಹೊರಬರಬೇಕಾದ ಔಷಧ ಒಮ್ಮೆಲೇ ಸುರಿದುಬಿಡುತ್ತದೆ. ಕೆಲವೊಮ್ಮೆ ಮಲದಲ್ಲಿ ಮಾತ್ರೆಯ ಆಕಾರದ ಮೆತ್ತನೆಯ ಕವಚ ಕಾಣಿಸಬಹುದು. ಔಷಧ ಅದಾಗಲೇ ರಕ್ತಕ್ಕೆ ಸೇರಿದ್ದು, ಖಾಲಿ ಹೊದಿಕೆಯಷ್ಟೇ ಹೊರಬಂದಿರುತ್ತದೆ, ಹೆದರಬೇಕಿಲ್ಲ.

ಅಡ್ಡದಾರಿಯೊಂದರ ಬಗ್ಗೆ ಗಟ್ಟಿಯಾಗಿ ಹೇಳಬೇಕಾಗಿದೆ. ‘ಮನೆಯಲ್ಲಿ ತಾತನ ಶುಗರ್ ಮಾತ್ರೆ ಇದೆಯಲ್ಲ, ಅದೂ ಮೆಟ್‌ಫಾರ್ಮಿನ್ನೇ ತಾನೇ’ ಎಂದು ಅದನ್ನೇ ಹಂಚಿಕೊಳ್ಳುವವರಿದ್ದಾರೆ. ವಯಸ್ಸಾದವರಿಗೆ ಕೊಡುವ ಎಷ್ಟೋ ಮಾತ್ರೆಗಳಲ್ಲಿ ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್ ಕೂಡ ಬೆರೆತಿರುತ್ತದೆ, ಎರಡರ ಹೆಸರಿನಲ್ಲಿ ಒಂದೆರಡು ಅಕ್ಷರದ ವ್ಯತ್ಯಾಸವಷ್ಟೇ ಇರಬಹುದು. ಗ್ಲಿಮೆಪಿರೈಡ್ ಸಕ್ಕರೆ ಅಂಶವನ್ನು ಕುಸಿಯುವಂತೆ ಮಾಡಿ ಬೆವರು, ನಡುಕ, ಪ್ರಜ್ಞೆ ತಪ್ಪುವವರೆಗೂ ಒಯ್ಯಬಲ್ಲದು. ಅಂಗಡಿಯಲ್ಲಿ ಕೊಳ್ಳುವಾಗಲೂ ಸ್ಟ್ರಿಪ್ಪಿನ ಹಿಂಬದಿಯಲ್ಲಿ ಮೆಟ್‌ಫಾರ್ಮಿನ್ ಒಂದೇ ಇದೆಯೇ ಎಂದು ಓದಿ ನೋಡಿ. ಹಣದ ಅಡಚಣೆಯಿದ್ದರೆ ಜನೌಷಧಿ ಕೇಂದ್ರಕ್ಕೆ ಹೋಗಿ. ಅದೇ ಮೆಟ್‌ಫಾರ್ಮಿನ್ ಕಡಿಮೆ ಬೆಲೆಗೆ ಸಿಗುತ್ತದೆ.

ವಾಂತಿಭೇದಿಯಾಗಿ ನಿರ್ಜಲೀಕರಣವಾದ ದಿನಗಳಲ್ಲಿ ಮೆಟ್‌ಫಾರ್ಮಿನ್ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಬಣ್ಣದ ದ್ರಾವಣ ಚುಚ್ಚಿ ಮಾಡುವ ಸಿಟಿ ಸ್ಕ್ಯಾನ್‌ಗೆ ಮುಂಚೆಯೂ ಹೇಳಬೇಕು. ಮೂತ್ರಪಿಂಡದ ತೊಂದರೆ ಇರುವವರು ಅದನ್ನು ಮುಚ್ಚಿಡಬಾರದು. ದೀರ್ಘಕಾಲ ತೆಗೆದುಕೊಂಡರೆ ವಿಟಮಿನ್ ಬಿ12 ಕಡಿಮೆಯಾಗಬಹುದು. ಮಾಂಸ, ಮೊಟ್ಟೆ ತಿನ್ನದ ಮನೆಯವರಲ್ಲಿ ಅದು ಮೊದಲೇ ಕಡಿಮೆಯಿರುವ ಸಾಧ್ಯತೆ ಇರುವುದರಿಂದ ಆಗಾಗ ಪರೀಕ್ಷಿಸಿಕೊಳ್ಳಬೇಕು. ಮತ್ತೊಂದು ಮಾತು: ಮೆಟ್‌ಫಾರ್ಮಿನ್‌ನಿಂದ ಅಂಡೋತ್ಪತ್ತಿ ಮರಳಿ ಶುರುವಾಗಬಹುದು, ಹಾಗಾಗಿ ಮದುವೆಯಾದವರು ‘ನನಗೆ ಹೇಗೂ ಮುಟ್ಟೇ ಸರಿಯಿಲ್ಲ’ ಎಂದು ಗರ್ಭನಿರೋಧದ ಬಗ್ಗೆ ಉದಾಸೀನ ಮಾಡುವಂತಿಲ್ಲ.

ಮೂರನೆಯ ಹಂತ: ಹಾರ್ಮೋನ್ ಮಾತ್ರೆ

ಮುಟ್ಟಿನ ಏರುಪೇರು, ಮೊಡವೆ, ಬೇಡದ ಕೂದಲು ಇವುಗಳಿಗೆ ಮೊದಲ ಔಷಧ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೋಜೆನ್ ಎಂಬ ಎರಡು ಹೆಣ್ಣು ಹಾರ್ಮೋನು ಬೆರೆತ ಗರ್ಭನಿರೋಧಕ ಮಾತ್ರೆಯೇ. ‘ಮದುವೆಯಾಗದ ಮಗಳಿಗೆ ಇದನ್ನೇಕೆ ಬರೆದರು?’ ಎಂದು ತಾಯಂದಿರು ದನಿ ತಗ್ಗಿಸಿ ಕೇಳುತ್ತಾರೆ. ಮಾತ್ರೆ ಅಂಡಾಶಯದ ಗಂಡು ಹಾರ್ಮೋನನ್ನು ತಗ್ಗಿಸುತ್ತದೆ, ತಿಂಗಳುಗಟ್ಟಲೆ ಮುಟ್ಟಾಗದೆ ಗರ್ಭಕೋಶದ ಒಳಪದರ ದಪ್ಪಗಾಗಿ ಮುಂದೆ ಕ್ಯಾನ್ಸರಿಗೆ ದಾರಿಯಾಗುವುದನ್ನು ತಡೆಯುತ್ತದೆ. ಮುಂದೆ ಮಕ್ಕಳಾಗುವುದಿಲ್ಲ ಎಂಬ ಭಯಕ್ಕೆ ಆಧಾರವಿಲ್ಲ. ಆದರೆ ಎಲ್ಲರಿಗೂ ಇದು ಸಲ್ಲುವುದಿಲ್ಲ. ಕಣ್ಣ ಮುಂದೆ ಮಿಂಚು ಹೊಡೆದಂತಾಗಿ ಬರುವ ಮೈಗ್ರೇನ್, ಹೆಚ್ಚಿನ ರಕ್ತದೊತ್ತಡ, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ, ಸ್ತನ ಕ್ಯಾನ್ಸರ್, 35 ದಾಟಿದವರಲ್ಲಿ ಧೂಮಪಾನ ಇವುಗಳಲ್ಲಿ ಒಂದಿದ್ದರೂ ವೈದ್ಯರಿಗೆ ಮೊದಲೇ ಹೇಳಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್ ಈ ಮಾತ್ರೆಯ ಬಲವನ್ನು ಕುಗ್ಗಿಸುತ್ತವೆ.

ಮುಟ್ಟಾದ ಮೊದಲ ದಿನವೇ ಶುರು ಮಾಡಿದರೆ ಲೆಕ್ಕ ಸುಲಭ. 21 ಮಾತ್ರೆಯ ಸ್ಟ್ರಿಪ್ ಆದರೆ ಮುಗಿಸಿ 7 ದಿನ ಬಿಟ್ಟು, ಎಂಟನೆಯ ದಿನ, ಮುಟ್ಟು ನಿಂತಿರಲಿ ಬಿಡಲಿ, ಹೊಸ ಸ್ಟ್ರಿಪ್ ಒಡೆಯಬೇಕು. ಮುಟ್ಟು ನಿಲ್ಲಲೆಂದು ಕಾಯುತ್ತಾ ಹತ್ತು ಹನ್ನೆರಡು ದಿನ ಕಳೆಯುವವರೇ ಹೆಚ್ಚು. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ಮಾಲಾ-ಎನ್‌ನಲ್ಲಿ 28 ಮಾತ್ರೆಗಳಿದ್ದು, ಬೇರೆ ಬಣ್ಣದ ಕೊನೆಯ 7 ಕಬ್ಬಿಣಾಂಶದವು. ಅಲ್ಲಿ ಬಿಡುವು ಕೊಡದೆ ಮುಂದುವರಿಸಬೇಕು. ವಾರಕ್ಕೆ ಒಂದು ಅಥವಾ ಎರಡು ಬಾರಿ ತೆಗೆದುಕೊಳ್ಳುವ ‘ಛಾಯಾ’ ಗರ್ಭನಿರೋಧಕ ಮಾತ್ರೆಯನ್ನು ಇದರ ಬದಲಿಗೆಂದು ತೆಗೆದುಕೊಳ್ಳಬೇಡಿ. ಅದರಲ್ಲಿ ಹಾರ್ಮೋನಿಲ್ಲ, ಮುಟ್ಟನ್ನು ಇನ್ನೂ ಮುಂದಕ್ಕೆ ತಳ್ಳಬಲ್ಲದು, ಪಿಸಿಒಡಿ ಇರುವವರಿಗೆ ಅದು ಸಲ್ಲುವುದಿಲ್ಲ.

ಒಂದು ಮಾತ್ರೆ ಮರೆತರೆ ನೆನಪಾದ ಕೂಡಲೇ ನುಂಗಿ, ಆ ದಿನದ್ದನ್ನು ಅದರ ಹೊತ್ತಿಗೇ ತೆಗೆದುಕೊಳ್ಳಿ. ಒಂದೇ ದಿನ ಎರಡಾದರೂ ಪರವಾಗಿಲ್ಲ. ಸತತವಾಗಿ ಎರಡು ಅಥವಾ ಹೆಚ್ಚು ತಪ್ಪಿದರೆ, ಕೊನೆಯದಾಗಿ ತಪ್ಪಿದ ಒಂದನ್ನು ಮಾತ್ರ ನುಂಗಿ, ಹಿಂದಿನವನ್ನು ಬಿಟ್ಟು, ಮುಂದಿನವನ್ನು ಎಂದಿನಂತೆ ತೆಗೆದುಕೊಳ್ಳುತ್ತಾ, 7 ದಿನ ಕಾಂಡೋಮ್ ಬಳಸಬೇಕು. ಇದು ಸ್ಟ್ರಿಪ್ಪಿನ ಮೂರನೆಯ ವಾರದಲ್ಲಾದರೆ ಬಿಡುವಿನ ವಾರವನ್ನು (28ರ ಸ್ಟ್ರಿಪ್ಪಾದರೆ ಕಬ್ಬಿಣಾಂಶದ ಮಾತ್ರೆಗಳನ್ನು) ಕೈಬಿಟ್ಟು ನೇರವಾಗಿ ಮುಂದಿನ ಸ್ಟ್ರಿಪ್‌ಗೆ ಹೋಗಬೇಕು. ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲೇ ಮಾತ್ರೆ ಇಟ್ಟುಕೊಳ್ಳಿ ಎಂಬುದು ನನ್ನ ಖಚಿತ ಸಲಹೆ. ಮೊಬೈಲಿನ ಅಲಾರಾಂ ಆರಿಸಿ ಮರೆಯುವುದು ಸುಲಭ.

ಒಂದೆರಡು ತಿಂಗಳಲ್ಲಿ ಮೊಡವೆ ಹೋಗಲಿಲ್ಲವೆಂದು ಬಿಟ್ಟುಬಿಡಬೇಡಿ. ಮೊಡವೆಗೆ ಮೂರು ತಿಂಗಳಾದರೂ ಬೇಕು, ಕೂದಲಿಗೆ ಕನಿಷ್ಠ ಆರು. ಅದಾಗಲೇ ದಪ್ಪಗೆ ಬೆಳೆದ ಕೂದಲು ಮಾತ್ರೆಯಿಂದ ಉದುರುವುದಿಲ್ಲ, ಅದಕ್ಕೆ ಲೇಸರ್ ಅಥವಾ ಥ್ರೆಡ್ಡಿಂಗ್‌ನಂಥ ಉಪಾಯ ಬೇಕೇ ಬೇಕು.

ಉಳಿದ ಔಷಧಗಳು

ಎರಡೂ ಹಾರ್ಮೋನು ಬೆರೆತ ಮಾತ್ರೆ ಸಲ್ಲದವರಿಗೆ ಪ್ರೊಜೆಸ್ಟೋಜೆನ್ ಒಂದನ್ನೇ ಕೆಲವು ದಿನ ಕೊಟ್ಟು ನಿಲ್ಲಿಸುತ್ತಾರೆ. ಸಾಮಾನ್ಯವಾಗಿ ಒಂದು ವಾರದೊಳಗೆ ಮುಟ್ಟಾಗುತ್ತದೆ. ದಸರೆಗೋ ಮನೆಯ ಪೂಜೆಗೋ ಮುಟ್ಟು ಮುಂದೂಡಲು ಕೇಳುವ ನೊರೆಥಿಸ್ಟಿರಾನ್ ಕೂಡ ಈ ಗುಂಪಿನದೇ; ಚಿಕಿತ್ಸೆಯ ನಡುವೆ ಅದನ್ನು ವೈದ್ಯರಿಗೆ ಹೇಳದೆ ತೆಗೆದುಕೊಂಡರೆ ಲೆಕ್ಕವೆಲ್ಲ ಏರುಪೇರಾಗುತ್ತದೆ.

ಕೂದಲಿಗೆಂದು ಗಂಡು ಹಾರ್ಮೋನಿನ ಕೆಲಸವನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಬರೆದರೆ ಗರ್ಭಧಾರಣೆಯಾಗದಂತೆ ಕಟ್ಟುನಿಟ್ಟಾಗಿ ನೋಡಿಕೊಳ್ಳಬೇಕು, ಅದು ಗಂಡು ಭ್ರೂಣದ ಬೆಳವಣಿಗೆಗೆ ಅಡ್ಡಿಯಾಗಬಲ್ಲದು. ಅದು ರಕ್ತದಲ್ಲಿ ಪೊಟ್ಯಾಸಿಯಂ ಏರಿಸುವುದರಿಂದ, ಮದ್ದೂರಿನ ಕಡೆಯವರಂತೆ ದಿನವೂ ಎಳನೀರು ಕುಡಿಯುವ ಅಭ್ಯಾಸವಿದ್ದವರು ಅದನ್ನು ವೈದ್ಯರಿಗೆ ಹೇಳಲೇಬೇಕು. ಮಗು ಬೇಕೆನ್ನುವವರಿಗೆ ಈಗ ಮೊದಲ ಆಯ್ಕೆ ಅಂಡ ಬಲಿತು ಹೊರಬರಲು ನೆರವಾಗುವ ಲೆಟ್ರೊಜೋಲ್, ಮುಟ್ಟಿನ ಶುರುವಿನಲ್ಲಿ ಐದು ದಿನ. ಇದನ್ನು ಸ್ಕ್ಯಾನಿಂಗ್ ನೋಡುವ ವೈದ್ಯರ ಕೈಯಲ್ಲೇ ಮಾಡಿಸಿಕೊಳ್ಳಿ.

ಪಿಸಿಒಡಿಗೆಂದು ಮಾರುವ ಇನೋಸಿಟಾಲ್ ಎಂಬ ಪೂರಕದ ಪುಡಿಯ ಸ್ಯಾಶೆಗಳಿಂದ ದೊಡ್ಡ ಹಾನಿಯಿಲ್ಲ, ಆದರೆ ಲಾಭದ ಪುರಾವೆ ಇನ್ನೂ ತೆಳು, ಬೆಲೆಯೋ ದುಬಾರಿ. ಅದಕ್ಕಾಗಿ ಮೆಟ್‌ಫಾರ್ಮಿನ್ ನಿಲ್ಲಿಸುವುದು ತಪ್ಪು. ‘ಮೂರೇ ತಿಂಗಳಲ್ಲಿ ಪಿಸಿಒಡಿ ಮಾಯ’ ಎಂದು ಮೊಬೈಲಿನಲ್ಲಿ ಮಾರುವ ಚಹಾ, ಚೂರ್ಣಗಳ ಡಬ್ಬಿಯ ಮೇಲೆ ಎಷ್ಟೋ ಬಾರಿ ಯಾವುದು ಎಷ್ಟಿದೆ ಎಂಬುದೇ ಇರುವುದಿಲ್ಲ. ಅಂಥದ್ದನ್ನು ದಯವಿಟ್ಟು ಕೊಳ್ಳಬೇಡಿ.

ಕೊನೆಯ ಹಂತ: ಯಾವಾಗ ಮತ್ತೆ ಹೋಗಬೇಕು

ಮೂರು ತಿಂಗಳಿಗೊಮ್ಮೆ ರಕ್ತದೊತ್ತಡ ತೋರಿಸಿ, ಮುಟ್ಟಿನ ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಅದನ್ನೇ ಕೊಂಡೊಯ್ಯಿರಿ. ಮಾತ್ರೆ ನಿಲ್ಲಿಸಿದ ಮೇಲೆ ಏರುಪೇರು ಮರಳಬಹುದು. 90 ದಿನ ಕಳೆದರೂ ಮುಟ್ಟಾಗದಿದ್ದರೆ ಗರ್ಭಪರೀಕ್ಷೆ ಮಾಡಿಕೊಂಡು ವೈದ್ಯರ ಬಳಿ ಹೋಗಿ. ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವಾಗ ಒಂದೇ ಮೀನಖಂಡ ಊದಿ ನೋಯುವುದು, ಎದೆನೋವು, ಹಠಾತ್ ಉಸಿರಾಟದ ತೊಂದರೆ, ಹಿಂದೆಂದೂ ಬಾರದಂಥ ತಲೆನೋವು, ದೃಷ್ಟಿ ಮಸುಕಾಗುವುದು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ತುರ್ತು ವಿಭಾಗಕ್ಕೆ ಹೋಗಿ, ತಿನ್ನುತ್ತಿರುವ ಮಾತ್ರೆಯ ಸ್ಟ್ರಿಪ್ಪನ್ನು ಜೊತೆಗೇ ಒಯ್ದು ತೋರಿಸಿ.