ಸ್ಕೈರಿಮ್: ಮಾಡ್ ಇಳಿಸಿಕೊಳ್ಳುವ ಮೊದಲು ಆವೃತ್ತಿ ಸಂಖ್ಯೆ ನೋಡಿ

ಬೆಥೆಸ್ಡಾ ಸಂಸ್ಥೆಯ ವಿಡಿಯೊ ಗೇಮ್ ಸ್ಕೈರಿಮ್ ಬಿಡುಗಡೆಯಾದದ್ದು 2011ರ ನವೆಂಬರ್‌ನಲ್ಲಿ. ಜನ ಅದನ್ನು ಇಂದಿಗೂ ಆಡುತ್ತಿರುವುದಕ್ಕೆ ಅಭಿಮಾನಿಗಳು ತಯಾರಿಸಿದ ಮಾಡ್‌ಗಳೇ, ಅಂದರೆ ಆಟವನ್ನು ಬದಲಿಸುವ ಫೈಲುಗಳೇ, ಮುಖ್ಯ ಕಾರಣ. 2016ರಲ್ಲಿ ಬಂದ ಅದರ ಸ್ಪೆಷಲ್ ಎಡಿಷನ್ ಈಗ ಸ್ಟೀಮ್, ಜಿಒಜಿ, ಎಪಿಕ್ ಮತ್ತು ಮೈಕ್ರೋಸಾಫ್ಟ್ ಸ್ಟೋರ್ ಎಂಬ ನಾಲ್ಕೂ ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತದೆ. ಹೆಸರು ಒಂದೇ ಆದರೂ ಒಳಗಿನ ಎಕ್ಸ್‌ಇ ಫೈಲ್, ಅಂದರೆ ಆಟವನ್ನು ನಡೆಸುವ ಮುಖ್ಯ ಫೈಲ್, ಒಂದೇ ಅಲ್ಲ. ಮಾಡ್ ಹಾಕಿದ ಮೇಲೆ ಆಟ ತೆರೆಯುವುದೇ ಇಲ್ಲ ಎಂಬ ದೂರುಗಳಲ್ಲಿ ಹೆಚ್ಚಿನವಕ್ಕೆ ಮೂಲ ಇಲ್ಲಿದೆ.

ಮೊದಲು ನಿಮ್ಮ ಬಳಿ ಇರುವ ಆವೃತ್ತಿ ಯಾವುದೆಂದು ಗುರುತಿಸಿ. ಆಟದ ಫೋಲ್ಡರ್‌ನಲ್ಲಿರುವ ಸ್ಕೈರಿಮ್‌ಎಸ್‌ಇ ಎಂಬ ಎಕ್ಸ್‌ಇ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಡೀಟೇಲ್ಸ್ ಪುಟ ತೆರೆದರೆ 1.5.97, 1.6.640, 1.6.1170 ಮುಂತಾದ ಸಂಖ್ಯೆ ಕಾಣುತ್ತದೆ. ನಂಬಬೇಕಾದದ್ದು ಈ ಸಂಖ್ಯೆಯನ್ನು, ಅಂಗಡಿಯ ಪುಟದಲ್ಲಿರುವ ಹೆಸರನ್ನಲ್ಲ. ‘ನಾನು ಆನಿವರ್ಸರಿ ಎಡಿಷನ್ ಕೊಂಡಿಲ್ಲ, ಹಾಗಾಗಿ ನನ್ನದು ಹಳೆಯ ಆವೃತ್ತಿ’ ಎಂದು ಭಾವಿಸುವವರು ಬಹಳ. ಆನಿವರ್ಸರಿ ಎಡಿಷನ್ ಎಂಬುದು ಹೆಚ್ಚುವರಿ ವಸ್ತು, ಕಥೆಗಳ ಕಟ್ಟು ಮಾತ್ರ. 2021ರ ನವೆಂಬರ್‌ನ ಅಪ್‌ಡೇಟ್ ಅದನ್ನು ಕೊಂಡವರಿಗೂ ಕೊಳ್ಳದವರಿಗೂ ಒಂದೇ 1.6 ಎಕ್ಸ್‌ಇಯನ್ನು ನೀಡಿತು.

ಮುಂದಿನ ಹೆಜ್ಜೆ ಮಾಡ್‌ಗಳನ್ನು ಬೇರ್ಪಡಿಸುವುದು. ಬಟ್ಟೆ, ಮುಖ, ಮರಗಿಡಗಳ ಚಿತ್ರಗಳನ್ನಷ್ಟೇ ಬದಲಿಸುವ ಮಾಡ್‌ಗಳು ನಾಲ್ಕೂ ಅಂಗಡಿಗಳ ಪ್ರತಿಗಳಲ್ಲಿ ಸಾಮಾನ್ಯವಾಗಿ ತಕರಾರಿಲ್ಲದೆ ನಡೆಯುತ್ತವೆ. ತೊಂದರೆ ಕೊಡುವುದು ಮಾಡ್‌ಗಳಿಗೆ ಹೆಚ್ಚಿನ ಸಾಮರ್ಥ್ಯ ಒದಗಿಸುವ ಸ್ಕ್ರಿಪ್ಟ್ ಎಕ್ಸ್‌ಟೆಂಡರ್, ಅಂದರೆ ಎಸ್‌ಕೆಎಸ್‌ಇ, ಹಾಗೂ ಅದನ್ನು ನೆಚ್ಚಿಕೊಂಡ ಡಿಎಲ್‌ಎಲ್ (ಕೋಡ್ ಇರುವ ಫೈಲ್) ಮಾಡ್‌ಗಳು. ಆಟ ನಡೆಯುತ್ತಿರುವಾಗ ಇವು ಮೆಮೊರಿಯೊಳಗೆ ಹೊಕ್ಕು, ಆಟದ ಯಾವ ಕೆಲಸದ ಕೋಡ್ ಎಲ್ಲಿದೆ ಎಂಬ ವಿಳಾಸದ ಆಧಾರದ ಮೇಲೆ ತಮ್ಮ ಕೋಡನ್ನು ಸೇರಿಸುತ್ತವೆ. ಎಕ್ಸ್‌ಇಯನ್ನು ಮತ್ತೆ ಕಂಪೈಲ್ ಮಾಡಿದರೆ, ಅಂದರೆ ಮೂಲ ಕೋಡಿನಿಂದ ಹೊಸದಾಗಿ ತಯಾರಿಸಿದರೆ, ಆ ವಿಳಾಸಗಳು ಸರಿದುಹೋಗುತ್ತವೆ. 2021ರಲ್ಲಿ ಬೆಥೆಸ್ಡಾ ಕಂಪೈಲರನ್ನೇ ಹೊಸದಕ್ಕೆ ಬದಲಿಸಿದ್ದರಿಂದ ಅವೆಲ್ಲ ಒಟ್ಟಿಗೆ ಅಡಿಮೇಲಾದವು, ಬಹಳಷ್ಟು ಮಂದಿ 1.5.97ರಲ್ಲೇ ಉಳಿದರು. ಅಡ್ರೆಸ್ ಲೈಬ್ರರಿ ಎಂಬ ಮಾಡ್ ಆವೃತ್ತಿವಾರು ವಿಳಾಸಪಟ್ಟಿ ಒದಗಿಸಿ ಈ ತಾಪತ್ರಯವನ್ನು ಬಹಳ ಮಟ್ಟಿಗೆ ತಗ್ಗಿಸುತ್ತದೆ, ಆದರೂ 1.5ಕ್ಕೆ ಒಂದು ಫೈಲ್, 1.6ಕ್ಕೆ ಇನ್ನೊಂದು, ಅದಲುಬದಲು ಮಾಡುವಂತಿಲ್ಲ.

ಇನ್ನೂ ಆಟ ಕೊಳ್ಳದವರು ಅಂಗಡಿಯನ್ನು ಆರಿಸುವಾಗಲೇ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳಿತು. ಎಸ್‌ಕೆಎಸ್‌ಇ ಸ್ಟೀಮ್ ಮತ್ತು ಜಿಒಜಿಗೆ ಮಾತ್ರ ಲಭ್ಯ, ಅದೂ ಬೇರೆ ಬೇರೆ ಫೈಲುಗಳಾಗಿ: ಸ್ಟೀಮಿನ 1.6.1170ಕ್ಕೆ ಇರುವುದು ಜಿಒಜಿಯ 1.6.1179ಕ್ಕೆ ಹೊಂದುವುದಿಲ್ಲ. ಎಪಿಕ್‌ನಲ್ಲಾಗಲಿ ಮೈಕ್ರೋಸಾಫ್ಟ್‌ನ ಸ್ಟೋರ್ ಮತ್ತು ಅದರ ಚಂದಾ ಸೇವೆ ಗೇಮ್ ಪಾಸ್‌ನಲ್ಲಾಗಲಿ ಅದು ನಡೆಯುವುದಿಲ್ಲ. ದೊಡ್ಡ ಮಾಡ್‌ಗಳ ಆಸೆ ಇರುವವರು ಎಷ್ಟೇ ರಿಯಾಯಿತಿ ಕಂಡರೂ ಇವೆರಡರ ಗೊಡವೆಗೆ ಹೋಗಬಾರದೆಂಬುದು ನನ್ನ ಅಭಿಪ್ರಾಯ. ಆಟದ ಇನ್‌ಸ್ಟಾಲರನ್ನೇ ಇಳಿಸಿ ಇಟ್ಟುಕೊಳ್ಳಬಹುದಾದ್ದರಿಂದ, ಒಂದೇ ಆವೃತ್ತಿಯಲ್ಲಿ ನಿಲ್ಲಬಯಸುವವರಿಗೆ ಜಿಒಜಿ ಅನುಕೂಲ. ಆದರೆ ಡಿಎಲ್‌ಎಲ್ ಮಾಡ್ ಹಾಕುವ ಮೊದಲು ಅದರ ವಿವರಣೆಯಲ್ಲಿ ಜಿಒಜಿಯ ಹೆಸರಿದೆಯೇ ಎಂದು ನೋಡಬೇಕು.

ಸ್ಟೀಮ್ ಬಳಸುವವರು ಆಟದ ಪ್ರಾಪರ್ಟೀಸ್‌ನಲ್ಲಿ ಅಪ್‌ಡೇಟ್ಸ್ ವಿಭಾಗಕ್ಕೆ ಹೋಗಿ, ಆಟ ತೆರೆದಾಗ ಮಾತ್ರ ಅಪ್‌ಡೇಟ್ ಮಾಡುವ ಆಯ್ಕೆ ಹಾಕಿ, ಮುಂದೆ ಆಟವನ್ನು ಎಸ್‌ಕೆಎಸ್‌ಇ ಜೊತೆ ಬರುವ ಲೋಡರ್ ಎಂಬ ಫೈಲಿನ ಮೂಲಕವೇ ತೆರೆಯಬೇಕು. ಸ್ಟೀಮಿನ ಪ್ಲೇ ಬಟನ್ ಒತ್ತಿದರೆ ಬಾಕಿಯಿರುವ ಅಪ್‌ಡೇಟ್ ಇಳಿದು ಬಿಡುತ್ತದೆ.

ಇನ್ನು ಹಾಕುವ ಕೆಲಸ. ಎಸ್‌ಕೆಎಸ್‌ಇಯ ಲೋಡರ್ ಮತ್ತು ಡಿಎಲ್‌ಎಲ್ ಫೈಲನ್ನು ಸ್ಕೈರಿಮ್‌ಎಸ್‌ಇ ಎಕ್ಸ್‌ಇಯ ಪಕ್ಕದಲ್ಲೇ ಇಡಿ. ಉಳಿದ ಮಾಡ್‌ಗಳನ್ನು ಮಾಡ್ ಆರ್ಗನೈಸರ್ ಅಥವಾ ವೋರ್ಟೆಕ್ಸ್ ಎಂಬ ಮಾಡ್ ನಿರ್ವಹಣಾ ತಂತ್ರಾಂಶದ ಮೂಲಕ ಹಾಕಿ. ಬೇರೆ ಯಾವ ಮಾಡ್ ಸೇರಿಸುವ ಮೊದಲೂ ಲೋಡರ್‌ನಿಂದ ಆಟ ತೆರೆದು, ಎಸ್ಕೇಪ್ ಕೀಲಿಯ ಕೆಳಗಿನ ಕೀಲಿಯಿಂದ ಕನ್ಸೋಲ್, ಅಂದರೆ ಆದೇಶ ಬರೆಯುವ ಕಿಟಕಿ, ತೆರೆದು, ‘ಗೆಟ್‌ಎಸ್‌ಕೆಎಸ್‌ಇವರ್ಷನ್’ ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿ. ಸಂಖ್ಯೆ ಬಂದರೆ ಡಿಎಲ್‌ಎಲ್ ಮಾಡ್‌ಗಳನ್ನು ಎರಡು ಮೂರರಂತೆ ಸೇರಿಸುತ್ತ, ಪ್ರತಿ ಸಲವೂ ಆಟ ತೆರೆದು ನೋಡಿ.

ಸ್ಟೀಮ್‌ನಿಂದ ಜಿಒಜಿಗೆ ಬರುವವರಿಗೆ ಹಳೆಯ ಸೇವ್‌ಗಳು ತಾವಾಗಿ ಕಾಣಿಸುವುದಿಲ್ಲ, ಏಕೆಂದರೆ ಡಾಕ್ಯುಮೆಂಟ್ಸ್‌ನ ‘ಮೈ ಗೇಮ್ಸ್’ ಒಳಗೆ ಜಿಒಜಿ ಪ್ರತಿ ತನ್ನದೇ ಬೇರೆ ಫೋಲ್ಡರ್ ಮಾಡಿಕೊಳ್ಳುತ್ತದೆ. ಸೇವ್‌ಗಳನ್ನು ಕೈಯಾರೆ ಅಲ್ಲಿಗೆ ಕಾಪಿ ಮಾಡಬೇಕು.